ಎಲ್ಲಿ ಮಣಿಯುತ್ತದೋ ಅಲ್ಲಿಗೆ ಬ್ರೇಸ್

ಈ ಮೇಜಿನ ಮೇಲೆ ಎರಡು ಶೂ ಡಬ್ಬಗಳಿವೆ. ಒಂದಕ್ಕೆ ಮುಚ್ಚಳ ಇಲ್ಲ. ಇನ್ನೊಂದಕ್ಕೆ ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿದ್ದೇನೆ. ಮುಂದಿನ ಸಾಲಿನಲ್ಲಿ ಕೂತಿರುವವರು ಯಾರಾದರೂ ಎರಡನ್ನೂ ಕೈಗೆ ತಗೊಳ್ಳಿ. ಒದ್ದೆ ಬಟ್ಟೆ ಹಿಂಡುವ ಹಾಗೆ ಎರಡು ತುದಿ ಹಿಡಿದು ತಿರುಚಿ ನೋಡಿ. ಮುಚ್ಚಳ ಇಲ್ಲದ ಡಬ್ಬ ಸಲೀಸಾಗಿ ಸೊಟ್ಟಗಾಗುತ್ತದೆ. ಮುಚ್ಚಿದ ಡಬ್ಬ ಜಗ್ಗುವುದೇ ಇಲ್ಲ, ಅಲ್ವಾ? ರಟ್ಟು ಒಂದೇ, ಅದರ ದಪ್ಪವೂ ಒಂದೇ. ಒಂದು ಆಕಾರ ಪೂರ್ತಿ ಮುಚ್ಚಿಕೊಂಡಿದೆ, ಇನ್ನೊಂದು ಬಾಯಿ ತೆರೆದಿದೆ. ವ್ಯತ್ಯಾಸ ಅಷ್ಟೇ. ಕಾರಿನ ಮೈ ಹೀಗೆ ಸೊಟ್ಟಗಾಗದಂತೆ ಕಟ್ಟುವ ದಂಡ, ಪಟ್ಟಿಗಳಿಗೆ ಬ್ರೇಸ್ ಅನ್ನುತ್ತಾರೆ. ಇವತ್ತಿನ ಮಾತು ಅದರ ಬಗ್ಗೆ.

ಛಾವಣಿ ಇರುವ ಕಾರು ಈ ಮುಚ್ಚಿದ ಡಬ್ಬದ ಹಾಗೆ. ಛಾವಣಿ ಇಲ್ಲದ ರೋಡ್‌ಸ್ಟರ್ ಬಾಯಿ ತೆರೆದ ಡಬ್ಬದ ಹಾಗೆ. ಬಿಎಂಡಬ್ಲ್ಯು ಝಡ್3 ಮೊದಲು ಬಂದಿದ್ದು ಛಾವಣಿ ಇಲ್ಲದ ರೋಡ್‌ಸ್ಟರ್ ಆಗಿ. ಆಮೇಲೆ ಅದೇ ಕಾರಿಗೆ ಗಟ್ಟಿ ಛಾವಣಿ ಕೂರಿಸಿ ಕೂಪೆ ಮಾಡಿದರು. ತಿರುಚುವಿಕೆ ತಡೆಯುವ ಬಿಗಿ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಇನ್ನೂ ಸರಳವಾಗಿ ನೋಡಬೇಕೆಂದರೆ 50 ಮಿ.ಮೀ. ಅಗಲದ, 1 ಮಿ.ಮೀ. ದಪ್ಪದ ಒಂದು ಉಕ್ಕಿನ ಪೈಪ್ ತಗೊಳ್ಳಿ. ಅದರ ಉದ್ದಕ್ಕೂ ಗರಗಸದಿಂದ ಒಂದೇ ಒಂದು ಸೀಳು ಹಾಕಿ. ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ತಿರುಚುವುದು ಸಾವಿರ ಪಟ್ಟಿಗಿಂತ ಸುಲಭವಾಗುತ್ತದೆ. ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ತಪ್ಪಿದ್ದೇನೆ ಅಂದುಕೊಂಡು ಮತ್ತೆ ಮಾಡಿದೆ. ಉತ್ತರ ಅದೇ ಬಂತು.

ಈ ಬಿಗಿಯನ್ನು ಅಳೆಯುವ ಕ್ರಮ ಹೀಗೆ. ಕಾರಿನ ಹಿಂಭಾಗವನ್ನು ಅಲುಗಾಡದಂತೆ ಹಿಡಿಯಬೇಕು. ಮುಂಭಾಗವನ್ನು ಒಂದು ಡಿಗ್ರಿ ತಿರುಚಲು ಎಷ್ಟು ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಚುವ ಬಲ, ಬೇಕು ಅಂತ ನೋಡಬೇಕು. 1996ರಲ್ಲಿ ಬಂದ ಲೋಟಸ್ ಎಲಿಸ್‌ನದು ಸುಮಾರು 10,000. ಮೆಕ್ಲಾರೆನ್ ಎಫ್1 ಕಾರಿನದು 13,500. ಬುಗಾಟಿ ವೇರಾನ್‌ನದು 60,000. ಎಲಿಸ್ ಇವುಗಳಲ್ಲೆಲ್ಲ ಕಡಿಮೆ, ನಿಜ. ಆದರೆ ಅದಕ್ಕೆ ಗಟ್ಟಿ ಛಾವಣಿ ಇಲ್ಲ, ಅದರ ಅಲ್ಯೂಮಿನಿಯಂ ಚಾಸಿಸ್‌ನ, ಅಂದರೆ ಉಳಿದದ್ದನ್ನೆಲ್ಲ ಹೊರುವ ಚೌಕಟ್ಟಿನ, ತೂಕ ಬರೀ 68 ಕಿಲೋ. ಅಷ್ಟರಲ್ಲಿ 10,000 ಹೇಗೆ ಬಂತು? ಆ ಕಾರಿನೊಳಗೆ ಕೂರಲು ಹೋದವರಿಗೆ ಗೊತ್ತು. ಬಾಗಿಲು ತೆಗೆದರೆ ಹೊಸ್ತಿಲು ಅಡ್ಡ ಬರುತ್ತದೆ. ಅಷ್ಟು ಎತ್ತರ, ಅಷ್ಟು ಅಗಲ. ಕಾಲನ್ನು ಎತ್ತಿ ದಾಟಿಸಬೇಕು. ಆ ಹೊಸ್ತಿಲೇ ಮುಚ್ಚಿದ ಡಬ್ಬ. ಛಾವಣಿಯ ಕೆಲಸವನ್ನು ಎರಡೂ ಬದಿಯ ಹೊಸ್ತಿಲು ಮಾಡುತ್ತಿದೆ.

ಸರಿ, ಕಾರು ಸ್ವಲ್ಪ ತಿರುಚಿಕೊಂಡರೆ ಏನಾಗುತ್ತದೆ? ನಿಮ್ಮ ಕಾರಿಗೆ ಎಷ್ಟು ಸ್ಪ್ರಿಂಗ್ ಅಂತ ಕೇಳಿದರೆ ನಾಲ್ಕು ಅನ್ನುತ್ತೀರಿ. ಐದನೆಯದೂ ಒಂದಿದೆ. ಅದೇ ಚಾಸಿಸ್. ಉಳಿದ ನಾಲ್ಕಕ್ಕೂ ಶಾಕ್ ಅಬ್ಸಾರ್ಬರ್ ಇದೆ, ಇದಕ್ಕಿಲ್ಲ. ಗುಂಡಿಗೆ ಚಕ್ರ ಬಿದ್ದಾಗ ಏನಾಗಬೇಕು? ಶಾಕ್ ಒಳಗೆ ಹೋಗಬೇಕು, ಎಣ್ಣೆ ಸಣ್ಣ ತೂತಿನಲ್ಲಿ ನುಗ್ಗಿ ಆ ಏಟನ್ನು ನುಂಗಬೇಕು. ಶಾಕ್‌ನ ಮೇಲ್ತುದಿ ಕೂತಿರುವ ಜಾಗವೇ ಮಣಿದರೆ ಶಾಕ್‌ಗೆ ಕೆಲಸವೇ ಸಿಗುವುದಿಲ್ಲ. ಏಟು ಚಾಸಿಸ್‌ಗೆ ಹೋಗುತ್ತದೆ. ಚಾಸಿಸ್ ಅದನ್ನು ನುಂಗುವುದಿಲ್ಲ, ಅದುರಿ ವಾಪಸ್ ಕೊಡುತ್ತದೆ. ಹಳೆಯ ರೋಡ್‌ಸ್ಟರ್‌ನಲ್ಲಿ ಕಿತ್ತುಹೋದ ರಸ್ತೆಯ ಮೇಲೆ ಹೋಗುವಾಗ ಒಳಗಿನ ಕನ್ನಡಿ ನಡುಗುತ್ತದೆ, ಸ್ಟೀರಿಂಗ್ ಕಂಬ ಗುಯ್‌ಗುಡುತ್ತದೆ, ಡ್ಯಾಶ್‌ಬೋರ್ಡ್ ಒಂದು ಕಡೆ, ಬಾಗಿಲು ಇನ್ನೊಂದು ಕಡೆ ಅಲುಗುತ್ತದೆ. ಎಷ್ಟೋ ಜನ ಆಗ ಶಾಕ್ ಹೋಗಿದೆ ಅಂತ ಹೊಸ ಶಾಕ್ ಹಾಕಿಸುತ್ತಾರೆ.

ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮ. ತಿರುವಿನಲ್ಲಿ ಕಾರು ವಾಲುತ್ತದೆ, ಭಾರ ಒಳಚಕ್ರದಿಂದ ಹೊರಚಕ್ರಕ್ಕೆ ಹೋಗುತ್ತದೆ. ಆ ಭಾರದಲ್ಲಿ ಮುಂದಕ್ಕೆಷ್ಟು, ಹಿಂದಕ್ಕೆಷ್ಟು ಅನ್ನುವುದನ್ನು ನಾವು ಸ್ಪ್ರಿಂಗ್, ಆ್ಯಂಟಿ-ರೋಲ್ ಬಾರ್ (ವಾಲುವುದನ್ನು ತಡೆಯಲು ಎಡ ಬಲ ಚಕ್ರಗಳನ್ನು ಜೋಡಿಸುವ ಸರಳು) ಬದಲಿಸಿ ಹೊಂದಿಸುತ್ತೇವೆ. ಕಾರು ಮೂತಿಯಿಂದ ಹೊರಜಾರುತ್ತದೋ, ಬಾಲ ಬೀಸುತ್ತದೋ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನ ಆಗುತ್ತದೆ. ಆದರೆ ಮುಂದಿನ ಬಾರ್‌ನ ಮಾತು ಹಿಂದಿನ ಚಕ್ರಕ್ಕೆ ಮುಟ್ಟಬೇಕಾದರೆ ನಡುವೆ ಇರುವ ಚಾಸಿಸ್ ಗಟ್ಟಿಯಾಗಿರಬೇಕು. ನಡು ಸಡಿಲವಾದರೆ ಮುಂದಿನದು ತನ್ನ ಪಾಡಿಗೆ, ಹಿಂದಿನದು ತನ್ನ ಪಾಡಿಗೆ. ದಪ್ಪ ಬಾರ್ ಹಾಕಿದೆ, ಏನೂ ಗೊತ್ತಾಗಲಿಲ್ಲ ಅನ್ನುವವರನ್ನು ನೀವೂ ನೋಡಿರುತ್ತೀರಿ. ಅವರಲ್ಲಿ ಕೆಲವರ ಕಾರಿನಲ್ಲಿ ಆಗಿರುವುದು ಇದೇ.

ಅಳತೆ ಎಷ್ಟು ಅಂತಲೂ ಗೊತ್ತಿರಲಿ. ಒಂದು ಡಿಗ್ರಿ ತಿರುಚಲು 5,000 ನ್ಯೂಟನ್ ಮೀಟರ್ ಬೇಕಾಗುವ ಚಾಸಿಸ್ ಅಂದುಕೊಳ್ಳಿ. ಜೋರು ತಿರುವಿನಲ್ಲಿ ಅದರ ಮೇಲೆ 1,000 ನ್ಯೂಟನ್ ಮೀಟರ್ ಬಿತ್ತು ಅಂದುಕೊಳ್ಳಿ. 0.2 ಡಿಗ್ರಿ ತಿರುಚಿಕೊಂಡಿತು. ಕೇಳಲು ಏನೂ ಅಲ್ಲ. ಆದರೆ ಎಡ ಬಲ ಚಕ್ರಗಳ ನಡುವೆ 1.4 ಮೀಟರ್ ಇದ್ದರೆ, ಆ 0.2 ಡಿಗ್ರಿ ಅಂದರೆ ಒಂದು ಚಕ್ರದ ಕಡೆ ಇನ್ನೊಂದಕ್ಕಿಂತ ಸುಮಾರು 5 ಮಿ.ಮೀ. ಏರುಪೇರು.

ಈಗ ನನ್ನದೇ ಕಾರಿನ ವಿಷಯ ಹೇಳುತ್ತೇನೆ. ಹಳೆಯ ಎರಡು ಸೀಟಿನ ರೋಡ್‌ಸ್ಟರ್. ಮುಂದಿನ ಸಸ್ಪೆನ್ಷನ್ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ಆರ್ಮ್ (ತೋಳು) ಹಿಡಿದಿರುತ್ತದೆ. ಅದು ನಡುಗುತ್ತಿತ್ತು. ಒಂದು ಸ್ಟ್ರಟ್ ಬಾರ್ ತರಿಸಿದೆ. ಬಾನೆಟ್ ತೆಗೆದರೆ ಎಡ ಟವರ್‌ನಿಂದ ಬಲ ಟವರ್‌ಗೆ ಅಡ್ಡ ಕೂರುವ ದಂಡ. ಟವರ್ ಅಂದರೆ ಸ್ಪ್ರಿಂಗ್, ಶಾಕ್‌ಗಳ ಮೇಲ್ತುದಿ ಕೂರುವ ಗೂಡು. ನೋಡಲು ತುಂಬಾ ಚೆಂದ, ಕನ್ನಡಿಯಂತೆ ಪಾಲಿಶ್. ಎಂಜಿನ್‌ನ ಮೇಲ್ಭಾಗಕ್ಕೆ ತಗುಲಬಾರದು ಅಂತ ನಡುವೆ ಕಮಾನಿನ ಹಾಗೆ ಬಗ್ಗಿಸಿದ್ದರು. ಹಾಕಿ ಓಡಿಸಿದೆ. ನಡುಕ ಹಾಗೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗಿತ್ತು. ಯಾಕೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಇಡೀ ವಿಷಯದ ಗುಟ್ಟು ಅಲ್ಲಿದೆ.

ಮೊದಲನೆಯದು, ಆ ಬಾರ್ ಜೋಡಿಸಿದ್ದು ಹೆಚ್ಚು ಅಲುಗದ ಎರಡು ಜಾಗಗಳನ್ನು. ನನ್ನ ಕಾರಿನಲ್ಲಿ ಮೇಲಿನ ಆರ್ಮ್, ಕೆಳಗಿನ ಆರ್ಮ್ ಎರಡೂ ಸಬ್‌ಫ್ರೇಮ್‌ಗೆ, ಅಂದರೆ ಅಡಿಯಲ್ಲಿರುವ ಬೇರೆಯದೇ ಗಟ್ಟಿ ಚೌಕಟ್ಟಿಗೆ, ಕೂತಿವೆ. ತಿರುವಿನ ಅಡ್ಡ ಬಲವೆಲ್ಲ ಅಲ್ಲಿಗೇ ಹೋಗುತ್ತದೆ. ಟವರ್‌ಗೆ ಬರುವುದು ಸ್ಪ್ರಿಂಗ್ ಮೇಲಕ್ಕೆ ತಳ್ಳುವ ಬಲ. ಮೇಲಕ್ಕೆ ತಳ್ಳುವುದನ್ನು ಅಡ್ಡ ದಂಡ ತಡೆದೀತಾ? ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಂದೇ ಆಗಿರುವ ಕಂಬ) ಇರುವ ಕಾರಿನ ಕಥೆ ಬೇರೆ. ಅಲ್ಲಿ ಮೇಲಿನ ಆರ್ಮ್ ಇಲ್ಲವೇ ಇಲ್ಲ. ಸ್ಟ್ರಟ್‌ನ ಮೇಲ್ತುದಿಯೇ ಚಕ್ರವನ್ನು ನೆಟ್ಟಗೆ ಹಿಡಿಯಬೇಕು. ತಿರುವಿನಲ್ಲಿ ಟವರ್ ಮೇಲೆ ಅಡ್ಡ ಬಲ ಬೀಳುತ್ತದೆ. ಸ್ಟ್ರಟ್‌ನ ಉದ್ದ ಸುಮಾರು 600 ಮಿ.ಮೀ. ಅಂದುಕೊಂಡರೆ, ಟವರ್ 1 ಮಿ.ಮೀ. ಸರಿದಾಗ ಚಕ್ರದ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಹತ್ತಿರ ಹತ್ತಿರ 0.1 ಡಿಗ್ರಿ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸುವಾಗ ಅದೇ 0.1 ಡಿಗ್ರಿಗಾಗಿ ನಾವು ಗಂಟೆಗಟ್ಟಲೆ ನಿಲ್ಲುತ್ತೇವೆ. ಅಂಥ ಕಾರಿಗೆ ಬಾರ್ ನಿಜಕ್ಕೂ ಕೆಲಸ ಮಾಡುತ್ತದೆ.

ಅಲ್ಲೂ ಒಂದು ಮಾತಿದೆ. ಎಡ ಟವರ್, ಬಲ ಟವರ್ ಎರಡನ್ನು ಮಾತ್ರ ಜೋಡಿಸಿದರೆ ಎರಡೂ ಒಟ್ಟಿಗೆ ಒಂದೇ ಕಡೆ ವಾಲಬಹುದು. ಅಲುಗಾಡುವ ಮೇಜಿಗೆ ನಾವು ಏನು ಮಾಡುತ್ತೇವೆ? ಕಾಲಿನಿಂದ ಕಾಲಿಗೆ ನೇರ ಪಟ್ಟಿ ಹೊಡೆದರೆ ಸಾಲದು, ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಹೊಡೆಯಬೇಕು. ಚೌಕ ಸೊಟ್ಟಗಾಗಬಲ್ಲದು, ತ್ರಿಕೋನ ಆಗದು. 1965ರ ಶೆಲ್ಬಿ ಜಿಟಿ350 ಮಸ್ಟಾಂಗ್‌ನ ಬಾನೆಟ್ ತೆಗೆದು ನೋಡಿ. ಟವರ್‌ನಿಂದ ಟವರ್‌ಗೆ ಒಂದು ದಂಡ, ಅದಕ್ಕೆ ಮಾಂಟೆ ಕಾರ್ಲೊ ಬಾರ್ ಅನ್ನುತ್ತಾರೆ. ಜೊತೆಗೆ ಎರಡೂ ಟವರ್‌ಗಳನ್ನು ಹಿಂದಿನ ಗೋಡೆಗೆ, ಅಂದರೆ ವಿಂಡ್‌ಶೀಲ್ಡ್‌ನ ಬುಡಕ್ಕೆ ಕಟ್ಟುವ ಎಕ್ಸ್‌ಪೋರ್ಟ್ ಬ್ರೇಸ್. ಎರಡೂ ಸೇರಿ ತ್ರಿಕೋನ. ಅರುವತ್ತು ವರ್ಷದ ಹಿಂದಿನ ಆ ಜೋಡಣೆಯನ್ನು ಇವತ್ತು ಮಾರುವ ಎಷ್ಟೋ ಬಾರ್‌ಗಳ ಪಕ್ಕ ಇಟ್ಟರೆ ನಾನು ಹಳೆಯದನ್ನೇ ಆರಿಸುತ್ತೇನೆ.

ಎರಡನೆಯದು ಆ ಕಮಾನು. ಇದು ನನ್ನನ್ನು ತುಂಬಾ ದಿನ ಕಾಡಿದ ವಿಷಯ. 25 ಮಿ.ಮೀ. ಅಗಲದ, 1.5 ಮಿ.ಮೀ. ದಪ್ಪದ, 1 ಮೀಟರ್ ಉದ್ದದ ಉಕ್ಕಿನ ಪೈಪ್ ನೇರವಾಗಿದ್ದರೆ ಅದನ್ನು 1 ಮಿ.ಮೀ. ಕುಗ್ಗಿಸಲು ಎರಡು ಟನ್‌ಗಿಂತ ಜಾಸ್ತಿ ಒತ್ತಡ ಬೇಕು. ಅದೇ ಪೈಪ್ ನಡುವೆ 50 ಮಿ.ಮೀ. ಮೇಲಕ್ಕೆ ಬಾಗಿದ್ದರೆ? ಬಲ ಈಗ ಪೈಪ್‌ನ ಉದ್ದಕ್ಕೆ ಹೋಗುವುದಿಲ್ಲ, ಅದನ್ನು ಇನ್ನಷ್ಟು ಬಗ್ಗಿಸಲು ನೋಡುತ್ತದೆ. ಬಿಗಿ ಹತ್ತನೇ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ. ಒಂದು ನೇರ ಕಡ್ಡಿಯನ್ನೂ ಒಂದು ಬಾಗಿದ ಕಡ್ಡಿಯನ್ನೂ ಎರಡು ಅಂಗೈ ನಡುವೆ ಇಟ್ಟು ಒತ್ತಿ, ಲೆಕ್ಕವೇ ಬೇಡ. ಅಲ್ಯೂಮಿನಿಯಂ ಆದರೆ ಅದೇ ಅಳತೆಯ ಉಕ್ಕಿನ ಮೂರನೇ ಒಂದು ಪಾಲು ಬಿಗಿ ಮಾತ್ರ. ಅದಕ್ಕೆ ದಪ್ಪ ಪೈಪ್ ಬೇಕು. ಅಲ್ಯೂಮಿನಿಯಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತೆಳ್ಳಗಿನದು, ಬಾಗಿದ್ದು, ಮೇಲಾಗಿ ಎರಡು ತುದಿಯಲ್ಲೂ ಒಂದೊಂದು ಬೋಲ್ಟಿನ ಮೇಲೆ ತಿರುಗುವ ಕೀಲು ಇರುವುದು, ಅಂಥದ್ದನ್ನು ಕೊಳ್ಳಬೇಡಿ ಅನ್ನುತ್ತಿದ್ದೇನೆ.

ಹಾಗಾದರೆ ನನ್ನ ಕಾರು ನಿಜಕ್ಕೂ ಮಣಿಯುತ್ತಿದ್ದುದು ಎಲ್ಲಿ? ಅದನ್ನು ಕಂಡುಹಿಡಿದದ್ದು ಒಂದು ಜಾಕ್‌ನಿಂದ. ಮಟ್ಟಸವಾದ ನೆಲದ ಮೇಲೆ ಕಾರು ನಿಲ್ಲಿಸಿ, ಮುಂದಿನ ಒಂದು ಮೂಲೆಯನ್ನು ಮಾತ್ರ ಎತ್ತಿದೆ. ಬಾಗಿಲ ಸಂದಿಗೆ ಫೀಲರ್ ಗೇಜ್‌ನ (ಸಂದು ಅಳೆಯುವ ಸಾಧನದ) ತಗಡು ತೂರಿಸಿ ಮೊದಲೇ ಅಳತೆ ಬರೆದಿಟ್ಟಿದ್ದೆ. ಜಾಕ್ ಏರುತ್ತಾ ಹೋದ ಹಾಗೆ ಬಾಗಿಲಿನ ಮೇಲಿನ ಹಿಂಬದಿ ಮೂಲೆಯಲ್ಲಿ ಸಂದು ಕಣ್ಣಿಗೆ ಕಾಣುವ ಹಾಗೆ ಬದಲಾಯಿತು. ಬಾಗಿಲು ತೆಗೆದು ಹಾಕಲು ನೋಡಿದೆ. ಚಿಲಕ ಕಟ್ ಅಂತ ತಗುಲಿತು, ಸಲೀಸಾಗಿ ಕೂರಲಿಲ್ಲ. ಕಾರು ಇಳಿಸಿದೆ, ಬಾಗಿಲು ಮೊದಲಿನ ಹಾಗೆ ಮುಚ್ಚಿತು. ಅಂದರೆ ಮಣಿಯುತ್ತಿದ್ದುದು ಎಂಜಿನ್ ಜಾಗವಲ್ಲ, ಬಾಗಿಲ ತೆರಪು. ಸಾವಿರ ಕಿಲೋ ಕಾರಿನ ಮುಂದಿನ ಅರ್ಧ ಭಾರ ಪೂರ್ತಿ ಒಂದೇ ಬದಿಗೆ ಬಂದರೆ ಚಾಸಿಸ್ ಮೇಲೆ ಸುಮಾರು 3,400 ನ್ಯೂಟನ್ ಮೀಟರ್ ಬೀಳುತ್ತದೆ. ಆಗಲೇ ಹೇಳಿದ ತಿರುವಿಗಿಂತ ಮೂರು ಪಟ್ಟು ಜಾಸ್ತಿ. ರಸ್ತೆಯಲ್ಲಿ ಕಾಣದ್ದನ್ನು ಜಾಕ್ ತೋರಿಸುವುದು ಅದಕ್ಕೇ. ಎತ್ತಿದ ಕಾರಿನ ಅಡಿಗೆ ಮಾತ್ರ ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ.

ಟವರ್ ಅಳೆಯಲು ಇನ್ನೊಂದು ಉಪಾಯ. ಒಂದು ಸಣ್ಣ ಪೈಪ್, ಅದರೊಳಗೆ ಜಾರುವ ಒಂದು ಸರಳು. ಪೈಪಿನ ತುದಿಯನ್ನು ಎಡ ಟವರ್‌ನ ಬೋಲ್ಟಿಗೆ, ಸರಳಿನ ತುದಿಯನ್ನು ಬಲ ಟವರ್‌ನ ಬೋಲ್ಟಿಗೆ ಸಿಕ್ಕಿಸಿ. ಸರಳು ಪೈಪ್ ಒಳಗೆ ಹೋಗುವ ಬಾಯಿಯ ಹತ್ತಿರ ಒಂದು ಕೇಬಲ್ ಟೈ ಬಿಗಿಯಾಗಿ ಕಟ್ಟಿ, ಪೈಪಿಗೆ ತಾಗಿಸಿ. ಒಂದು ಸುತ್ತು ಓಡಿಸಿ ಬನ್ನಿ. ಟವರ್‌ಗಳು ಹತ್ತಿರ ಬಂದಾಗ ಪೈಪ್ ಆ ಟೈ ಅನ್ನು ತಳ್ಳುತ್ತದೆ. ವಾಪಸ್ ದೂರ ಸರಿದಾಗ ಟೈ ಅಲ್ಲೇ ಉಳಿಯುತ್ತದೆ. ನಡುವಿನ ಸಂದನ್ನು ಅಳೆಯಿರಿ, ಎಷ್ಟು ಹತ್ತಿರ ಬಂದಿದ್ದವು ಅಂತ ಸಿಗುತ್ತದೆ. ಗೆಳೆಯನೊಬ್ಬನ ಮ್ಯಾಕ್‌ಫರ್ಸನ್ ಕಾರಿನಲ್ಲಿ ಹೀಗೆ ಮಾಡಿದಾಗ 2 ಮಿ.ಮೀ. ಬಂತು. ನನ್ನ ರೋಡ್‌ಸ್ಟರ್‌ನಲ್ಲಿ ಟೈ ಕದಲಿದ್ದೇ ಇಲ್ಲ ಅನ್ನಬಹುದು. ಆ ಬಾರ್ ಅನ್ನು ಅವತ್ತೇ ಬಿಚ್ಚಿದೆ.

ಆಮೇಲೆ ನಾನು ಹೋದದ್ದು ಕಾರಿನ ಅಡಿಗೆ. ತಳದಲ್ಲಿ ಹೊಸ್ತಿಲ ಪಕ್ಕ ಉದ್ದಕ್ಕೂ ಓಡುವ ರೈಲ್‌ಗಳಿರುತ್ತವೆ. ತೆಳು ತಗಡು ಮಡಚಿ ಮಾಡಿದ್ದು. ಅವಕ್ಕೆ ಕವಚದ ಹಾಗೆ ಕೂರುವ ದಪ್ಪ ಉಕ್ಕಿನ ರೈಲ್ ಹಾಕಿದೆ, ಅವುಗಳ ನಡುವೆ ಅಡ್ಡ ಪಟ್ಟಿ ಕೊಟ್ಟೆ. ನಡುಕ ಪೂರ್ತಿ ಹೋಗಲಿಲ್ಲ. ಆದರೆ ಜಾಕ್ ಹಾಕಿದಾಗ ಬಾಗಿಲು ತಗುಲುವುದು ನಿಂತಿತು. ಕನ್ನಡಿಯಲ್ಲಿ ಹಿಂದೆ ಬರುವ ಗಾಡಿಯ ದೀಪಗಳು ಎರಡಾಗಿ ನಿಂತವು. ಮೊದಲು ಅವು ಎರಡು ಗೆರೆಯಾಗಿ ಕಾಣುತ್ತಿದ್ದವು.

ಇದು ಹೊಸ ವಿದ್ಯೆಯೇನಲ್ಲ. 1979ರಿಂದ 1993ರವರೆಗೆ ಬಂದ ಫಾಕ್ಸ್ ಬಾಡಿ ಮಸ್ಟಾಂಗ್‌ಗಳಲ್ಲಿ ಮುಂದಿನ ರೈಲ್‌ಗಳಿಗೂ ಹಿಂದಿನ ರೈಲ್‌ಗಳಿಗೂ ನಡುವೆ ನೇರ ಕೊಂಡಿ ಇಲ್ಲ. ನೆಲದ ತಗಡೇ ಆಧಾರ. ಅವೆರಡನ್ನು ಸೇರಿಸುವ ಸಬ್‌ಫ್ರೇಮ್ ಕನೆಕ್ಟರ್ ಆ ಕಾರಿಗೆ ಜನ ಮೊದಲು ಮಾಡಿಸುವ ಕೆಲಸಗಳಲ್ಲಿ ಒಂದು. ವೆಲ್ಡ್ ಮಾಡಿದ್ದಾದರೆ ಬೋಲ್ಟ್ ಹಾಕಿದ್ದಕ್ಕಿಂತ ಎಷ್ಟೋ ಮೇಲು. ಕಾರು ಕಂಪನಿಗಳೂ ಇದೇ ದಾರಿಯಲ್ಲಿ ನಡೆದಿವೆ. ಮಝ್ದಾ ಎಂಎಕ್ಸ್-5ಗೆ 1994ರಲ್ಲಿ 1.8 ಲೀಟರ್ ಎಂಜಿನ್ ಬಂದಾಗ ಜೊತೆಗೇ ಮುಂದೆ ಹಿಂದೆ ಸಬ್‌ಫ್ರೇಮ್ ಅಡಿಗೆ ಬ್ರೇಸ್ ಕೊಟ್ಟರು, ಸೀಟ್‌ಗಳ ಹಿಂದೆ ಸೀಟ್ ಬೆಲ್ಟ್ ಕೂರುವ ಟವರ್‌ಗಳ ನಡುವೆ ಒಂದು ಅಡ್ಡ ದಂಡ ಸೇರಿಸಿದರು. ಅದಕ್ಕೂ ಹಳೆಯ ಕಾರಿರುವವರು ಕಂಪನಿಯದೇ ಆ ಬಿಡಿಭಾಗ ಹುಡುಕಿ ಹಾಕಿಕೊಳ್ಳುತ್ತಾರೆ. ಒಳ್ಳೆಯ ಕೆಲಸ. ಹೋಂಡಾ ಎಸ್2000 ಮಾತ್ರ ಬೇರೆ ದಾರಿ ಹಿಡಿಯಿತು. 1999ರಲ್ಲಿ ಬಂದಾಗಲೇ ಅದರ ಸೀಟ್‌ಗಳ ನಡುವಿನ ಸುರಂಗವನ್ನು ದೊಡ್ಡ ಡಬ್ಬದಂತೆ ಕಟ್ಟಿ, ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಎಕ್ಸ್ ಆಕಾರದಲ್ಲಿ ತೋಳು ಚಾಚಿದ್ದರು. ಅಂಥ ಕಾರಿಗೆ ಕಂಡಕಂಡ ಕಡೆ ದಂಡ ಕಟ್ಟುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ತೂಕ ಸೇರುತ್ತದೆ, ಇನ್ನೇನೂ ಇಲ್ಲ.

ಜಾಸ್ತಿ ಬಿಗಿ ಆದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯನ್ನೂ ಸ್ವಲ್ಪ ಸಡಿಲಿಸಬೇಕು. ಸುಬಾರು ಕಂಪನಿಯ ರೇಸ್ ವಿಭಾಗ ಎಸ್‌ಟಿಐ ಮಾರುವ ಒಂದು ಟವರ್ ಬಾರ್ ಇದೆ. ನಡುವೆ ಅದನ್ನು ತುಂಡು ಮಾಡಿ ಒಂದು ಗುಂಡು ಕೀಲು ಕೂರಿಸಿದ್ದಾರೆ. ಅಡ್ಡಡ್ಡ ಒತ್ತಿದರೆ ಗಟ್ಟಿ, ಮೇಲೆ ಕೆಳಗೆ ಅಲುಗಲು ಬಿಡುತ್ತದೆ. ಚಕ್ರಗಳು ಒಂದೊಂದು ಗುಂಡಿಯನ್ನು ತಮ್ಮ ಪಾಡಿಗೆ ದಾಟಲಿ ಅಂತ. ಯಮಹಾದವರ ಯೋಚನೆ ಇನ್ನೂ ಚೆಂದ. ಚಾಸಿಸ್ ಐದನೇ ಸ್ಪ್ರಿಂಗ್, ಅದಕ್ಕೆ ಶಾಕ್ ಇಲ್ಲ ಅಂತ ಆಗ ಹೇಳಿದೆನಲ್ಲ? ಅವರು ಅದಕ್ಕೇ ಒಂದು ಶಾಕ್ ಮಾಡಿದರು. ಬ್ರೇಸ್ ಕೂರುವ ಜಾಗದಲ್ಲಿ ಕೂರುವ, ಒಂದು ಮಿಲಿಮೀಟರ್‌ಗೂ ಕಡಿಮೆ ಅಲುಗುವ ಡ್ಯಾಂಪರ್. 2001ರಲ್ಲಿ ಟೊಯೋಟಾ ಕ್ರೌನ್‌ನ ಒಂದು ಸೀಮಿತ ಮಾದರಿಗೆ ಮೊದಲು ಹಾಕಿದರು. ಅದುರುವುದನ್ನು ತಡೆಯುವ ಬದಲು ಅದುರಿದ್ದನ್ನು ನುಂಗುವುದು. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಯೋಚನೆ ಇದು.

ಬಿಗಿ ಮಾಡಿದ ಮೇಲೆ ಬಲ ಮಾಯವಾಗುವುದಿಲ್ಲ ಅನ್ನುವುದು ನೆನಪಿರಲಿ. ಒಂದು ಜಾಗ ಗಟ್ಟಿ ಮಾಡಿದರೆ ಅದು ಪಕ್ಕದ ಮೆತ್ತನೆ ಜಾಗಕ್ಕೆ ಹೋಗುತ್ತದೆ. ಗಟ್ಟಿ ಬ್ರೇಸ್ ಮುಗಿದು ತೆಳು ತಗಡು ಶುರುವಾಗುವ ಅಂಚಿನಲ್ಲಿ ಬಿರುಕು ಬರುತ್ತದೆ. ಬೋಲ್ಟ್ ತೂತಿನ ಸುತ್ತ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೆ ಉಗುರಿನಿಂದ ಕೆರೆದು ನೋಡಿ, ಅಡಿಯಲ್ಲಿ ತಗಡೇ ಸೀಳಿರಬಹುದು. ತಗಡಿಗೆ ನೇರ ಬೋಲ್ಟ್ ಹಾಕುವ ಕಡೆ ಹಿಂದಿನಿಂದ ಅಗಲವಾದ ಪ್ಲೇಟ್ ಕೊಡಲೇಬೇಕು. ತುಕ್ಕು ಹಿಡಿದ ರೈಲ್‌ಗೆ ಬ್ರೇಸ್ ಕಟ್ಟುವುದಂತೂ ಬೇಡವೇ ಬೇಡ, ಮೊದಲು ಟಿಂಕರಿಂಗ್ ಆಗಲಿ. ಮುಂದಿನ ತುದಿಯಲ್ಲಿ ಡಿಕ್ಕಿಯಾದಾಗ ಮಡಚಿಕೊಳ್ಳಬೇಕಾದ ಭಾಗ ಇರುತ್ತದೆ. ಅದು ಮಡಚಿಕೊಂಡರೆ ಒಳಗಿರುವವರು ಉಳಿಯುತ್ತಾರೆ. ಅದನ್ನು ಗಟ್ಟಿ ಮಾಡುವ ಯಾವ ದಂಡವನ್ನೂ ರಸ್ತೆ ಕಾರಿಗೆ ಹಾಕಬೇಡಿ. ರೋಲ್ ಕೇಜ್, ಅಂದರೆ ಕಾರಿನೊಳಗೆ ಕಟ್ಟುವ ಪೈಪಿನ ಪಂಜರ, ಕೂಡ ಅಷ್ಟೇ. ಬಿಗಿ ಕೊಡುವುದರಲ್ಲಿ ಅದಕ್ಕೆ ಸಾಟಿ ಇಲ್ಲ, ಆದರೆ ಹೆಲ್ಮೆಟ್ ಇಲ್ಲದ ತಲೆಯ ಪಕ್ಕ ಉಕ್ಕಿನ ಪೈಪ್ ಇರಬಾರದು.

ಹಾಕುವ ರೀತಿ ಹೇಳಿಬಿಡುತ್ತೇನೆ, ಯಾಕಂದರೆ ಒಳ್ಳೆಯ ಬ್ರೇಸ್ ಇಲ್ಲೇ ಹಾಳಾಗುವುದು. ನಾಲ್ಕು ಚಕ್ರವೂ ನೆಲದ ಮೇಲೆ ಭಾರ ಹೊತ್ತಿರುವಾಗ ಕೊನೆಯ ಬಿಗಿ ಕೊಡಿ. ಒಂದು ಮೂಲೆ ಜಾಕ್ ಮೇಲಿದ್ದಾಗ ಬಿಗಿದರೆ ತಿರುಚಿಕೊಂಡ ಕಾರನ್ನು ಹಾಗೇ ಕಟ್ಟಿಹಾಕಿದಂತೆ. ಉದ್ದ ಹೊಂದಿಸುವ ಬಾರ್ ಆದರೆ ಟವರ್‌ಗಳನ್ನು ತಳ್ಳುವಷ್ಟು ತಿರುಗಿಸಬೇಡಿ, ಸುಮ್ನೆ ತಾಗುವಷ್ಟು ಸಾಕು. ಬೋಲ್ಟ್ ತೂತು ಬೋಲ್ಟಿಗಿಂತ ಯಾವಾಗಲೂ ಚೂರು ದೊಡ್ಡದಿರುತ್ತದೆ. ಬ್ರೇಸ್ ಜಾರದಂತೆ ಹಿಡಿಯುವುದು ಎರಡು ಲೋಹಗಳ ನಡುವಿನ ಒತ್ತು. ನಡುವೆ ದಪ್ಪ ಬಣ್ಣವೋ, ಅಡಿಬಳಿದ ರಬ್ಬರ್ ಕೋಟಿಂಗೋ ಇದ್ದರೆ ಅದು ಕ್ರಮೇಣ ಕುಸಿದು ಬೋಲ್ಟ್ ಸಡಿಲವಾಗುತ್ತದೆ. ಕೂರುವ ಜಾಗ ಕೆರೆದು ಶುಚಿ ಮಾಡಿ, ತೆಳುವಾಗಿ ಪ್ರೈಮರ್ ಬಳಿದು, ಟಾರ್ಕ್ ರೆಂಚ್‌ನಿಂದ ಹೇಳಿದ ಅಳತೆಗೆ ಬಿಗಿಯಿರಿ. ನಟ್ಟಿನಿಂದ ಬ್ರೇಸ್‌ವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಕೆಲವು ನೂರು ಕಿಲೋಮೀಟರ್ ಓಡಿಸಿ ಬಗ್ಗಿ ನೋಡಿದಾಗ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ಅರ್ಥ.

ಒಂದು ಸಲಕ್ಕೆ ಒಂದೇ ಬ್ರೇಸ್ ಹಾಕಿ. ಆಮೇಲೆ ಶಾಕ್‌ನ ಗಡಸು ಹೊಂದಿಸುವ ಕ್ಲಿಕ್, ಟೈರಿನ ಗಾಳಿ ಮತ್ತೆ ಹೊಂದಿಸಿ ನೋಡಿ. ಚಾಸಿಸ್ ಮಣಿಯುವುದು ನಿಂತ ಕಾರಿನಲ್ಲಿ ಶಾಕ್ ಮೊದಲಿಗಿಂತ ಜಾಸ್ತಿ ದುಡಿಯುತ್ತದೆ. ಹಾಗಾಗಿ ಹಳೆಯ ಸೆಟ್ಟಿಂಗ್ ಗಡಸು ಅನ್ನಿಸಬಹುದು. ನನ್ನದರಲ್ಲಿ ಎರಡು ಕ್ಲಿಕ್ ಮೆತ್ತಗೆ ಮಾಡಬೇಕಾಯಿತು.

ಆ ರೋಡ್‌ಸ್ಟರ್ ಹೊರಗೆ ನಿಂತಿದೆ. ಜಾಕ್, ಸ್ಟ್ಯಾಂಡ್, ಫೀಲರ್ ಗೇಜ್ ತಂದಿದ್ದೇನೆ. ಅಡಿಯ ಅಡ್ಡ ಪಟ್ಟಿಗಳನ್ನು ಬಿಚ್ಚಿ ಇಟ್ಟಿದ್ದೇನೆ. ಮೊದಲು ಹಾಗೇ ಎತ್ತೋಣ, ಆಮೇಲೆ ಇಳಿಸಿ ಪಟ್ಟಿ ಕಟ್ಟಿ ಮತ್ತೆ ಎತ್ತೋಣ. ಎರಡು ಸಲವೂ ಬಾಗಿಲು ನೀವೇ ಮುಚ್ಚಿ ನೋಡಿ.